ಕೆನರಿ ದ್ವೀಪಗಳು: ಉಷ್ಣವಲಯವೋ, ಉಪೋಷ್ಣವಲಯವೋ?

ಭೂಗೋಳಶಾಸ್ತ್ರದಲ್ಲಿ ಕೆಲವು ಪ್ರಶ್ನೆಗಳು ನೋಟಕ್ಕೆ ಬಲು ಚಿಕ್ಕವು. ಒಂದೇ ಮಾತಿನ ಉತ್ತರವನ್ನು ಬೇಡುತ್ತವೆ. ಆದರೆ ಆ ಒಂದು ಮಾತನ್ನು ಬರೆಯಹೊರಟಾಗ ಲೇಖನಿಯು ತಡೆಯುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿರುವ ಕೆನರಿ ದ್ವೀಪಗಳ ಹವಾಗುಣವು ಉಷ್ಣವಲಯದ್ದೋ, ಉಪೋಷ್ಣವಲಯದ್ದೋ ಎಂಬುದು ಅಂತಹ ಒಂದು ಪ್ರಶ್ನೆ. ಭೂಗೋಳದ ಪುಸ್ತಕವು ಉಪೋಷ್ಣವಲಯವೆನ್ನುತ್ತದೆ. ಪ್ರವಾಸಿಗರನ್ನು ಕರೆಯುವ ಕೈಪಿಡಿಯು ಉಷ್ಣವಲಯದ ಸುಖವೆಲ್ಲ ಅಲ್ಲಿದೆಯೆಂದು ಹೊಗಳುತ್ತದೆ. ಹವಾಗುಣದ ಬಣ್ಣದ ಭೂಪಟವನ್ನು ಬಿಡಿಸಿ ನೋಡಿದರೆ, ಈ ಎರಡೂ ಅಲ್ಲದೆ, ಆ ದ್ವೀಪಗಳ ತೀರಕ್ಕೆ ಮರುಭೂಮಿಯ ಬಣ್ಣವನ್ನು ಬಳಿದಿರುತ್ತಾರೆ. ಹೀಗಿರಲು ವಿದ್ಯಾರ್ಥಿಯು ಯಾರನ್ನು ನಂಬಬೇಕು? ಈ ತೊಡಕನ್ನು ಮೇಲಿನ ತರಗತಿಗಳ ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಬಿಡಿಸಿ ಹೇಳಬೇಕೆಂಬುದು ನಮ್ಮ ಉದ್ದೇಶ. ಮಳೆಯನ್ನೇ ನಂಬಿ ಬಾಳುವ ರಾಯದುರ್ಗದ ಸೀಮೆಯವರಾದ ನಮಗೆ ಇದು ತೀರ ದೂರದ ವಿಚಾರವೇನೂ ಅಲ್ಲ.

ಮೊದಲು ಹೆಸರಿನ ಮಾತು. ಕೆನರಿ ಎಂದೊಡನೆ ಕೆಲವು ಬಾಲಕರು ನಮ್ಮ ಕೆನರಾ ಜಿಲ್ಲೆಗಳನ್ನು ನೆನೆಯುತ್ತಾರೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಕೆನರಾ ಎಂಬುದು ಕನ್ನಡ ಎಂಬ ನಮ್ಮ ಮಾತೇ ಪರದೇಶದವರ ನಾಲಗೆಯಲ್ಲಿ ತಿರುಚಿಕೊಂಡ ರೂಪ. ಕೆನರಿ ಎಂಬುದಾದರೋ ನಾಯಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿತೆಂದು ಪ್ರಾಚೀನ ರೋಮಿನ ಪ್ಲಿನಿಯ ಕಾಲದಿಂದ ಹೇಳುತ್ತ ಬಂದಿದ್ದಾರೆ. ಪಂಜರದಲ್ಲಿ ಸಾಕುವ ಹಳದಿಯ ಕೆನರಿ ಹಕ್ಕಿಗೆ ಈ ದ್ವೀಪಗಳಿಂದಲೇ ಹೆಸರು ಬಂದಿತು.

ದ್ವೀಪಗಳಲ್ಲಿ ದೊಡ್ಡವು ಏಳು. ಆಳುವುದು ಸ್ಪೇನ್ ದೇಶವಾದರೂ ಇರುವುದು ಆಫ್ರಿಕದ ಮಗ್ಗುಲಲ್ಲಿ. ಪೂರ್ವದ ಫುಯೆರ್ತೆವೆಂತುರ ದ್ವೀಪದಿಂದ ಸಹಾರಾ ಮರುಭೂಮಿಯ ಕರಾವಳಿಗೆ ಸುಮಾರು 100 ಕಿಲೋಮೀಟರ್ ಮಾತ್ರ. ಎಲ್ಲವೂ ಸಮುದ್ರದ ತಳದಿಂದ ಜ್ವಾಲಾಮುಖಿಗಳು ಉಗುಳಿದ ಶಿಲೆಯಿಂದ ಆದವು. ನಡುವಣ ತೆನೆರಿಫೆ ದ್ವೀಪದಲ್ಲಿ ತೇಯ್ದೆ ಎಂಬ ಪರ್ವತವು 3,715 ಮೀಟರ್ ಎತ್ತರಕ್ಕೆ ನಿಂತಿದೆ. ಅದೇ ದ್ವೀಪದ ಕಡಲ ತೀರದಲ್ಲಿರುವ ಪಟ್ಟಣ ಸಾಂತಾ ಕ್ರೂಸ್. ನಮ್ಮ ಲೆಕ್ಕಗಳಿಗೆ ಈ ಪಟ್ಟಣವನ್ನೇ ಹಿಡಿಯೋಣ.

ಉಷ್ಣವಲಯ ಎಂಬ ಮಾತಿನ ಹಳೆಯ ಅರ್ಥವು ಸೂರ್ಯನಿಗೆ ಸೇರಿದ್ದು, ಉಷ್ಣಮಾಪಕಕ್ಕೆ ಸೇರಿದ್ದಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ಭೂಭಾಗದಲ್ಲಿ ಮಾತ್ರ ಸೂರ್ಯನು ವರ್ಷದಲ್ಲಿ ಒಮ್ಮೆಯಾದರೂ ನಡುನೆತ್ತಿಯ ಮೇಲೆ ಬರುತ್ತಾನೆ. ರಾಯದುರ್ಗದಲ್ಲಿ ಹೀಗಾಗುವುದು ಎರಡು ಸಲ, ಏಪ್ರಿಲ್ ತಿಂಗಳ ಕೊನೆಗೊಮ್ಮೆ ಮತ್ತು ಆಗಸ್ಟ್ ನಡುವಿಗೊಮ್ಮೆ. ಆ ದಿನಗಳ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶಾಲೆಯ ಅಂಗಳದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಪ್ರಾಚೀನ ಗ್ರೀಕರು ಭೂಮಿಯನ್ನು ಹೀಗೆಯೇ ವಲಯಗಳಾಗಿ ಪಾಲು ಮಾಡಿದರು. ಸಂಕ್ರಾಂತಿ ವೃತ್ತಗಳ ನಡುವಣ ನಾಡು ಬೇಗೆಯಿಂದ ಮನುಷ್ಯವಾಸಕ್ಕೆ ಯೋಗ್ಯವಲ್ಲವೆಂದು ಅರಿಸ್ಟಾಟಲನು ತಿಳಿದಿದ್ದನು. ಅದೇ ಕಾಲದಲ್ಲಿ ದಕ್ಷಿಣ ಭಾರತದಲ್ಲಿ ಜನರು ಉತ್ತು ಬಿತ್ತು ಬಾಳುತ್ತಿದ್ದರೆಂಬುದು ಆ ಮಹಾಪಂಡಿತನಿಗೆ ತಿಳಿಯದೆ ಹೋಯಿತು!

ಕರ್ಕಾಟಕ ಸಂಕ್ರಾಂತಿ ವೃತ್ತವು ಸುಮಾರು ಇಪ್ಪತ್ತಮೂರೂವರೆ ಅಂಶ ಉತ್ತರದಲ್ಲಿದೆ. ಸಾಂತಾ ಕ್ರೂಸ್ ಇರುವುದು ಇಪ್ಪತ್ತೆಂಟೂವರೆ ಅಂಶದ ಹತ್ತಿರ. ಅಂದರೆ ವೃತ್ತಕ್ಕಿಂತ ಸುಮಾರು 550 ಕಿಲೋಮೀಟರ್ ಉತ್ತರಕ್ಕೆ. ಜೂನ್ 21ರ ಸುಮಾರಿಗೆ ಅಲ್ಲಿ ನಡುಹಗಲ ಸೂರ್ಯನು 85 ಅಂಶದವರೆಗೆ ಏರುತ್ತಾನೆಯೇ ಹೊರತು ನೆತ್ತಿಯನ್ನು ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ 38 ಅಂಶಕ್ಕೆ ಇಳಿದುಬಿಡುತ್ತಾನೆ. ಆದುದರಿಂದ ಸೂರ್ಯನನ್ನು ಕೇಳಿದರೆ ಉತ್ತರವು ನಿಸ್ಸಂದೇಹವಾದುದು: ಕೆನರಿ ದ್ವೀಪಗಳಲ್ಲಿ ಒಂದೂ ಉಷ್ಣವಲಯದಲ್ಲಿಲ್ಲ. ವೃತ್ತದ ಆಚೆಗೆ, ಅದಕ್ಕೆ ಹತ್ತಿರವಾಗಿ ಇರುವ ನಾಡಿಗೆ ಉಪೋಷ್ಣವಲಯವೆಂದು ಹೆಸರು.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ನಮ್ಮ ದೇಶದ ರಾಜಧಾನಿಯಾದ ದೆಹಲಿಯೂ ಹೆಚ್ಚುಕಡಮೆ ಅದೇ ಅಕ್ಷಾಂಶದಲ್ಲಿದೆ ಎಂಬುದನ್ನು ನೆನೆದಾಗ ಸಂಶಯವು ಹುಟ್ಟುತ್ತದೆ. ದೆಹಲಿಯಲ್ಲಿ ಜನವರಿಯ ಸರಾಸರಿ ಉಷ್ಣಮಾನ ಸುಮಾರು 14 ಡಿಗ್ರಿ ಸೆಲ್ಸಿಯಸ್. ಜೂನಿನದು ಸುಮಾರು 33 ಡಿಗ್ರಿ. ಸಾಂತಾ ಕ್ರೂಸಿನಲ್ಲಿ ಜನವರಿಯದು 18 ಡಿಗ್ರಿ, ಆಗಸ್ಟಿನದು ಇಪ್ಪತ್ತೈದೂವರೆ. ದೆಹಲಿಯವರು ಚಳಿಗಾಲದಲ್ಲಿ ರಜಾಯಿ ಹೊದ್ದು ಬೇಸಗೆಯಲ್ಲಿ ಬೇಯುತ್ತಾರೆ. ಅದೇ ಸೂರ್ಯನ ಕೆಳಗಿರುವ ದ್ವೀಪದವರು ವರ್ಷವೆಲ್ಲ ಒಂದೇ ಉಡುಪಿನಲ್ಲಿ ಕಳೆಯುತ್ತಾರೆ. ಅಕ್ಷಾಂಶವೊಂದೇ ಹವಾಗುಣವನ್ನು ನಿರ್ಣಯಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತೋರದು.

ಈ ಸೌಮ್ಯತೆಗೆ ಕಾರಣ ಸಮುದ್ರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಎಂತಲೇ ದ್ವೀಪಗಳಿಗೆ ಚಳಿಯೂ ಸೆಕೆಯೂ ಮಿತವಾಗಿ ತಟ್ಟುತ್ತವೆ. ಅದರ ಮೇಲೆ ಉತ್ತರದಿಂದ ಬರುವ ಕೆನರಿ ಪ್ರವಾಹವು ತಂಪಾದ ನೀರನ್ನು ತರುತ್ತದೆ. ಆಫ್ರಿಕದ ದಡದ ಬಳಿ ಆಳದ ತಣ್ಣೀರು ಮೇಲೆದ್ದು ಇದಕ್ಕೆ ಕೂಡಿಕೊಳ್ಳುತ್ತದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಈ ತಂಪನ್ನು ಬೇಸಗೆಯೆಲ್ಲ ದ್ವೀಪಗಳ ಮೇಲೆ ಹರಡುತ್ತವೆ. ಆಗಾಗ ಮಾತ್ರ ಗಾಳಿಯು ದಿಕ್ಕು ಬದಲಿಸಿ ಸಹಾರಾದ ಕಡೆಯಿಂದ ಬೀಸಿ, ಆಕಾಶವನ್ನೆಲ್ಲ ಕೆಂಧೂಳಿನಿಂದ ತುಂಬುತ್ತದೆ. ಇದನ್ನು ಅಲ್ಲಿಯವರು ಕಾಲಿಮ ಎನ್ನುತ್ತಾರೆ. ಆಗ ನೆರೆಯಲ್ಲಿ ಮರುಭೂಮಿಯಿದೆಯೆಂಬುದು ಎಲ್ಲರಿಗೂ ನೆನಪಾಗುತ್ತದೆ.

ಮಳೆ ಕಡಮೆಯಾಗುವುದಕ್ಕೆ ಬೇರೊಂದು ಕಾರಣವುಂಟು. ವಾಯವ್ಯಕ್ಕಿರುವ ಅಜೋರ್ಸ್ ದ್ವೀಪಗಳ ಬಳಿ ಅಧಿಕ ಒತ್ತಡದ ವಾಯುರಾಶಿಯು ನೆಲೆಸಿದೆ. ಅಲ್ಲಿ ಮೇಲಿನ ಗಾಳಿಯು ಕೆಳಕ್ಕೆ ಕುಸಿಯುತ್ತ ಬೆಚ್ಚಗಾಗಿ ಒಣಗುತ್ತದೆ. ಕೆಳಗಿನ ತಂಪು ಗಾಳಿಯ ಮೇಲೆ, ಪಾತ್ರೆಗೆ ಮುಚ್ಚಳವಿಟ್ಟಂತೆ, ಕುಳಿತುಬಿಡುತ್ತದೆ. ಮುಚ್ಚಳದ ಕೆಳಗೆ ಮೋಡವು ಹುಟ್ಟಿದರೂ ಮೇಲಕ್ಕೆ ಬೆಳೆಯಲಾರದು. ಬೆಳೆಯದ ಮೋಡವು ಜೋರಾದ ಮಳೆಯನ್ನು ಸುರಿಸಲಾರದು. ಚಳಿಗಾಲದಲ್ಲಿ ಈ ಒತ್ತಡವು ಸಡಿಲಿದಾಗ ಅಟ್ಲಾಂಟಿಕಿನ ಬಿರುಗಾಳಿಗಳು ನುಸುಳಿ ಬಂದು ಒಂದಷ್ಟು ಮಳೆಯನ್ನು ಕೊಡುತ್ತವೆ. ಸಾಂತಾ ಕ್ರೂಸಿಗೆ ವರ್ಷಕ್ಕೆ ದೊರೆಯುವುದು ಸುಮಾರು 225 ಮಿಲಿಮೀಟರ್, ಹೆಚ್ಚಿನ ಪಾಲು ಚಳಿಗಾಲದಲ್ಲಿ.

ಇನ್ನು ಬಣ್ಣದ ಭೂಪಟದ ವಿಚಾರ. ಆ ಭೂಪಟದ ಹಿಂದಿರುವ ವಿದ್ವಾಂಸನು ವ್ಲಾದಿಮಿರ್ ಕೆಪ್ಪೆನ್. 1846ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಕ್ರಿಮಿಯದಲ್ಲಿ ಬೆಳೆದು, ಜರ್ಮನಿಯಲ್ಲಿ ದುಡಿದು, 1940ರಲ್ಲಿ ತೀರಿಕೊಂಡವನು. ಕ್ರಿಮಿಯಕ್ಕೂ ಪೀಟರ್ಸ್‌ಬರ್ಗಿಗೂ ಓಡಾಡುವಾಗ ದಾರಿಯುದ್ದಕ್ಕೂ ಗಿಡಮರಗಳು ಬದಲಾಗುತ್ತ ಹೋಗುವುದನ್ನು ವಿದ್ಯಾರ್ಥಿಯಾಗಿದ್ದಾಗಲೇ ಕಂಡಿದ್ದನು. ಖಂಡಗಳು ಚಲಿಸುತ್ತವೆಂದು ಸಾಧಿಸಿದ ಆಲ್‌ಫ್ರೆಡ್ ವೆಗೆನರ್ ಇವನ ಅಳಿಯನೆಂಬುದು ಮಕ್ಕಳಿಗೆ ರುಚಿಸಬಹುದಾದ ಸಂಗತಿ. ಕೆಪ್ಪೆನ್ನನ ವಿಚಾರ ಸರಳವಾದುದು. ಒಂದು ನಾಡಿನ ಹವಾಗುಣವನ್ನು ಅಳೆಯುವುದಕ್ಕೆ ಅಲ್ಲಿ ಬೆಳೆಯುವ ಸಸ್ಯಗಳೇ ಸಾಕ್ಷಿಗಳು. ಯಾವ ಸಸ್ಯವರ್ಗವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗೆರೆಯನ್ನೆಳೆಯಬೇಕು. ಹೀಗೆ ಅವನು ಉಷ್ಣವಲಯದ ಗೆರೆಯನ್ನು ಆಕಾಶದಿಂದ ನೆಲಕ್ಕೆ ಇಳಿಸಿದನು. ಅತ್ಯಂತ ತಂಪಾದ ತಿಂಗಳಿನ ಸರಾಸರಿಯೂ 18 ಡಿಗ್ರಿಗೆ ಕಡಮೆಯಾಗದ ನಾಡು ಅವನ ಲೆಕ್ಕದಲ್ಲಿ ಉಷ್ಣವಲಯ.

ಸಾಂತಾ ಕ್ರೂಸಿನ ಜನವರಿಯು ಸರಿಯಾಗಿ ಈ 18ರ ಗೆರೆಯ ಮೇಲೆಯೇ ಬಂದು ನಿಂತಿದೆ! ಕಾಲು ಡಿಗ್ರಿ ಹೆಚ್ಚಾದರೆ ಉಷ್ಣವಲಯ, ಕಾಲು ಡಿಗ್ರಿ ಕಡಮೆಯಾದರೆ ಅಲ್ಲ. ಪ್ರವಾಸಿಗರ ಕೈಪಿಡಿಗೆ ಆಧಾರವೆಂದರೆ ಇಷ್ಟೇ. ಆದರೆ ಕೆಪ್ಪೆನ್ನನ ನಿಯಮದಲ್ಲಿ ಇನ್ನೊಂದು ಮಾತಿದೆ. ಅದನ್ನು ಅನೇಕರು ಮರೆಯುತ್ತಾರೆ. ಉಷ್ಣಮಾನವನ್ನು ಕೇಳುವುದಕ್ಕೆ ಮುಂಚೆ ನೀರನ್ನು ಕೇಳಬೇಕು. ನಾಡು ಶುಷ್ಕವೆಂದು ಸಿದ್ಧವಾದರೆ ಅದು ಶುಷ್ಕವರ್ಗಕ್ಕೇ ಸೇರುತ್ತದೆ. ಉಷ್ಣವೋ ಸಮಶೀತೋಷ್ಣವೋ ಎಂಬ ಪ್ರಶ್ನೆಗೆ ಅಲ್ಲಿ ಅವಕಾಶವೇ ಇಲ್ಲ.

ಶುಷ್ಕವೆಂದು ತಿಳಿಯುವುದು ಹೇಗೆ? ಮನೆಯ ಜಮಾಖರ್ಚನ್ನು ನೆನೆಯಿರಿ. ತಿಂಗಳಿಗೆ ಇಂತಿಷ್ಟು ವರಮಾನವೆಂದ ಮಾತ್ರಕ್ಕೆ ಒಬ್ಬನು ಬಡವನೋ ಸಿರಿವಂತನೋ ಗೊತ್ತಾಗದು, ಖರ್ಚನ್ನೂ ಕೇಳಬೇಕು. ಮಳೆಯು ವರಮಾನ, ಬಿಸಿಲಿಗೆ ಆವಿಯಾಗಿ ಹೋಗುವ ನೀರು ಖರ್ಚು. ಹೆಚ್ಚು ಬಿಸಿಯಾದ ನಾಡಿನಲ್ಲಿ ಖರ್ಚು ಹೆಚ್ಚು. ಆದುದರಿಂದ ವರ್ಷದ ಸರಾಸರಿ ಉಷ್ಣಮಾನವನ್ನು 20ರಿಂದ ಗುಣಿಸಬೇಕು. ಮಳೆಯು ಬಹುಪಾಲು ಚಳಿಗಾಲದಲ್ಲಿ ಬೀಳುವ ನಾಡಿಗೆ ಆ ಗುಣಲಬ್ಧವೇ ಮಿಲಿಮೀಟರುಗಳಲ್ಲಿ ಮಿತಿಯಾಗುತ್ತದೆ. ವರ್ಷವೆಲ್ಲ ಹಂಚಿ ಬಿದ್ದರೆ ಅದಕ್ಕೆ 140ನ್ನೂ, ಬಹುಪಾಲು ಬೇಸಗೆಯ ಅರ್ಧದಲ್ಲಿ ಬಿದ್ದರೆ 280ನ್ನೂ ಕೂಡಿಸಬೇಕು. ಏಕೆಂದರೆ ಬಿಸಿಯ ಕಾಲದಲ್ಲಿ ಬಿದ್ದ ಮಳೆಯು ಬೇಗನೆ ಆವಿಯಾಗುತ್ತದೆ. ಮಳೆಯು ಈ ಮಿತಿಗಿಂತ ಕಡಮೆಯಾದರೆ ನಾಡು ಶುಷ್ಕ. ಮಿತಿಯ ಅರ್ಧಕ್ಕಿಂತಲೂ ಕಡಮೆಯಾದರೆ ಮರುಭೂಮಿ.

ಸಾಂತಾ ಕ್ರೂಸಿನ ವರ್ಷದ ಸರಾಸರಿ ಇಪ್ಪತ್ತೊಂದೂವರೆ ಡಿಗ್ರಿ. 20ರಿಂದ ಗುಣಿಸಿದರೆ 430. ಬೀಳುವುದು 225. ಅರ್ಧವಾದ 215ಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿರುವುದರಿಂದ ಈ ಪಟ್ಟಣವು ಮರುಭೂಮಿಯಾಗದೆ ಅರೆಶುಷ್ಕವಾಗಿ ಉಳಿಯಿತು. ನೆರೆಯ ಗ್ರಾನ್ ಕನಾರಿಯ ದ್ವೀಪದ ವಿಮಾನ ನಿಲ್ದಾಣದಲ್ಲಿ ಬೀಳುವ ಮಳೆ ಸುಮಾರು 150 ಮಿಲಿಮೀಟರ್ ಮಾತ್ರ. ಅದು ಖಚಿತವಾಗಿ ಮರುಭೂಮಿಯ ವರ್ಗಕ್ಕೆ ಸೇರುತ್ತದೆ. ಕಡಲ ಗಾಳಿಯೂ ತಂಪೂ ಇರುವಲ್ಲಿ ಮರುಭೂಮಿಯೇ ಎಂದು ಬೆರಗಾಗಬೇಕಿಲ್ಲ. ಮರುಭೂಮಿ ಎಂಬುದು ಸುಡುವ ಮರಳಿನ ಹೆಸರಲ್ಲ, ನೀರಿನ ಬಡತನದ ಹೆಸರು.

ಇಲ್ಲಿಯವರೆಗೆ ಹೇಳಿದುದೆಲ್ಲ ತೀರದ ಮಾತು. ಬೆಟ್ಟವನ್ನೇರಿದರೆ ಲೆಕ್ಕವೇ ಬೇರೆ. ಸಾಂತಾ ಕ್ರೂಸಿಗೆ ಹತ್ತಿರದಲ್ಲಿಯೇ, 600 ಮೀಟರಿಗೆ ತುಸು ಮೇಲೆ, ಲಾ ಲಗೂನ ಊರಿನ ವಿಮಾನ ನಿಲ್ದಾಣವಿದೆ. ಅಲ್ಲಿ ಜನವರಿಯ ಸರಾಸರಿ 13 ಡಿಗ್ರಿ; ಮಳೆಯು ತೀರದಲ್ಲಿ ಬೀಳುವುದರ ಎರಡರಷ್ಟನ್ನು ಮೀರುತ್ತದೆ. ಅದು ಶುಷ್ಕವೂ ಅಲ್ಲ, ಯಾವ ಲೆಕ್ಕದಿಂದಲೂ ಉಷ್ಣವಲಯವೂ ಅಲ್ಲ. ಉಪೋಷ್ಣ ಎಂಬ ಹೆಸರು ಎಲ್ಲಿಗಾದರೂ ಚೆನ್ನಾಗಿ ಒಪ್ಪುವುದಾದರೆ ಅಲ್ಲಿಗೆ. ಇನ್ನೂ ಮೇಲೆ, 2,300 ಮೀಟರಿಗೂ ಎತ್ತರದ ಇಸಾನ್ಯ ಎಂಬಲ್ಲಿ 1916ರಿಂದ ಹವಾ ವೀಕ್ಷಣಾಲಯವಿದೆ. ಅಲ್ಲಿ ಚಳಿಗಾಲದಲ್ಲಿ ಹಿಮವೂ ಬೀಳುತ್ತದೆ. 1799ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟನು ದಕ್ಷಿಣ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಇಲ್ಲಿಳಿದು ತೇಯ್ದೆಯನ್ನು ಹತ್ತಿದನು. ಕೆಳಗೆ ದ್ರಾಕ್ಷಿ ತೋಟ, ಅದರ ಮೇಲೆ ಲಾರೆಲ್ ಕಾಡು, ಬಳಿಕ ಪೈನ್ ಮರಗಳು, ಬಳಿಕ ಕುರುಚಲು, ಕೊನೆಗೆ ಹುಲ್ಲು, ಹೀಗೆ ಐದು ಪಟ್ಟಿಗಳಾಗಿ ಸಸ್ಯಗಳು ಒಂದರ ಮೇಲೊಂದು ನಿಂತಿರುವುದನ್ನು ವರ್ಣಿಸಿದನು. ಒಂದೇ ದ್ವೀಪಕ್ಕೆ ಒಂದೇ ಹೆಸರನ್ನು ಬೇಡುವವರು ಈ ಬೆಟ್ಟವನ್ನು ಮರೆಯಬಾರದು.

ಲಾರೆಲ್ ಕಾಡಿನ ವಿಷಯದಲ್ಲಿ ಎರಡು ಮಾತು ಹೆಚ್ಚು ಹೇಳಬೇಕೆನಿಸುತ್ತದೆ. ನಮ್ಮ ದಾಲ್ಚಿನ್ನಿಯ ಮರದ ಬಂಧುಗಳಾದ ಮರಗಳು ಅಲ್ಲಿ ದಟ್ಟವಾಗಿ ಬೆಳೆದಿವೆ. ಮುಚ್ಚಳದ ಕೆಳಗೆ ಸಿಕ್ಕಿಬಿದ್ದ ಮೋಡಗಳು ಬೆಟ್ಟದ ಉತ್ತರದ ಮಗ್ಗುಲಿಗೆ ಒತ್ತಿ ನಿಂತು, ಎಲೆಎಲೆಗೂ ಹನಿಹನಿಯಾಗಿ ಅಂಟಿಕೊಳ್ಳುತ್ತವೆ. ಮಳೆಮಾಪಕದಲ್ಲಿ ಕಾಣದ ಈ ನೀರೇ ಕಾಡನ್ನು ಬದುಕಿಸಿದೆ. ಲಾ ಗೊಮೇರ ದ್ವೀಪದಲ್ಲಿರುವ ಗರಹೊನಾಯ್ ಎಂಬ ಇಂತಹ ಕಾಡನ್ನು ಯುನೆಸ್ಕೋ ಸಂಸ್ಥೆಯು 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು. ಎಲ್ ಹಿಯೆರ್ರೊ ಎಂಬ ಚಿಕ್ಕ ದ್ವೀಪದಲ್ಲಿ ಹಿಂದೆ ಗರೊಎ ಎಂಬ ಒಂದು ಮರವಿತ್ತು. ಅದರ ಎಲೆಗಳಿಂದ ಸದಾ ತೊಟ್ಟಿಕ್ಕುತ್ತಿದ್ದ ಮಂಜಿನ ನೀರನ್ನು ಬುಡದ ಹೊಂಡಗಳಲ್ಲಿ ಹಿಡಿದು ಜನರು ಕುಡಿಯುತ್ತಿದ್ದರು. 1610ರಲ್ಲಿ ಬಿರುಗಾಳಿಗೆ ಆ ಮರವು ಉರುಳಿತು. ಅದೇ ಜಾತಿಯ ಇನ್ನೊಂದು ಮರವನ್ನು ಮುಂದೆ ಅಲ್ಲಿಯೇ ನೆಟ್ಟಿದ್ದಾರೆ.

ಹೆಸರಿನ ಚರ್ಚೆಯು ಪುಸ್ತಕದವರ ಜಗಳವೆಂದು ತಿಳಿಯುವವರಿಗೆ ಒಂದು ನಿಜಸಂಗತಿಯನ್ನು ಹೇಳುತ್ತೇವೆ. 1788ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸನು ತೆನೆರಿಫೆಯ ಉತ್ತರ ತೀರದಲ್ಲಿ ಒಂದು ತೋಟವನ್ನು ಮಾಡಿಸಲು ಆಜ್ಞಾಪಿಸಿದನು. ಅಮೆರಿಕ, ಫಿಲಿಪ್ಪೀನ್ಸ್ ಮೊದಲಾದ ಉಷ್ಣದೇಶಗಳ ಗಿಡಗಳನ್ನು ಮೊದಲು ಇಲ್ಲಿ ಬೆಳೆಸಿ, ತುಸು ತಂಪಿಗೆ ಒಗ್ಗಿಸಿ, ಅನಂತರ ಮ್ಯಾಡ್ರಿಡಿನ ಅರಮನೆಯ ತೋಟಗಳಿಗೆ ಒಯ್ಯಬೇಕೆಂಬುದು ಯೋಜನೆ. ಮೊದಲ ಮೆಟ್ಟಿಲು ಸಲೀಸಾಯಿತು. ಗಿಡಗಳು ದ್ವೀಪದಲ್ಲಿ ಸೊಂಪಾಗಿ ಬೆಳೆದವು. ಎರಡನೆಯ ಮೆಟ್ಟಿಲಿನಲ್ಲಿ ಸೋಲಾಯಿತು. ಮ್ಯಾಡ್ರಿಡಿನ ಚಳಿಯನ್ನು ಅವು ತಾಳಲಿಲ್ಲ. ತೋಟವು ಇಂದಿಗೂ ಇದೆ. ಆಲದಂತೆ ಬಿಳಲುಗಳನ್ನು ಇಳಿಬಿಟ್ಟ ಒಂದು ಮಹಾವೃಕ್ಷವು ಅದರ ನಡುವೆ ಹಬ್ಬಿ ನಿಂತಿದೆ. ಚಳಿ ಎಂಬ ಒಂದು ಪರೀಕ್ಷೆಯಲ್ಲಿ ಈ ದ್ವೀಪವು ಉಷ್ಣವಲಯದ ಕಡೆಗೆ ನಿಂತಿತೆಂಬುದು ನಿಜ.

ಆದರೆ ಗಿಡಗಳಿಗೆ ನೀರನ್ನು ಹೊಯ್ದವರು ಮನುಷ್ಯರು ಎಂಬುದನ್ನು ಮರೆಯಲಾಗದು. ನಮ್ಮ ಪಚ್ಚಬಾಳೆಯ ಬಳಗಕ್ಕೆ ಸೇರಿದ ಬಾಳೆಯು ಈ ದ್ವೀಪಗಳ ಮುಖ್ಯ ಬೆಳೆಗಳಲ್ಲೊಂದು. ಒಂದೇ ಒಂದು ತೋಟವೂ ತೀರದ ಮಳೆಯನ್ನು ನಂಬಿ ನಿಲ್ಲಲಾರದು. ನೀರಿಗಾಗಿ ತೆನೆರಿಫೆಯವರು ಜ್ವಾಲಾಮುಖಿ ಶಿಲೆಯ ಬೆಟ್ಟಗಳಿಗೆ ಅಡ್ಡಡ್ಡಲಾಗಿ ಸಾವಿರಕ್ಕೂ ಹೆಚ್ಚು ಸುರಂಗಗಳನ್ನು ಕೊರೆದಿದ್ದಾರೆ. ಲಾನ್ಸರೋಟೆ ದ್ವೀಪದಲ್ಲಿ ಬೆಟ್ಟವೂ ತಗ್ಗು, ಮಳೆಯೂ ಅತ್ಯಲ್ಪ. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿಯು ಉಕ್ಕಿ ಒಳ್ಳೆಯ ಹೊಲಗಳನ್ನು ಹೂಳಿಬಿಟ್ಟಿತು. ರೈತರು ಆ ಕರಿಯ ಬೂದಿಯಲ್ಲಿಯೇ ಆಳವಾದ ಗುಳಿಗಳನ್ನು ತೋಡಿ, ಹಳೆಯ ಮಣ್ಣನ್ನು ಮುಟ್ಟಿ, ಗುಳಿಗೊಂದರಂತೆ ದ್ರಾಕ್ಷಿಯ ಬಳ್ಳಿಯನ್ನು ನೆಟ್ಟರು. ಗಾಳಿಗೆ ಅಡ್ಡವಾಗಿ ಕಲ್ಲಿನ ಗಿಡ್ಡಗೋಡೆಯನ್ನು ಕಟ್ಟಿದರು. ಬೂದಿಯು ರಾತ್ರಿಯ ತೇವವನ್ನು ಹಿಡಿದು, ಹಗಲು ಮಣ್ಣು ಒಣಗದಂತೆ ಕಾಯುತ್ತದೆ. 1960ರ ದಶಕದಿಂದ ಅದೇ ದ್ವೀಪದಲ್ಲಿ ಸಮುದ್ರದ ನೀರಿನ ಉಪ್ಪನ್ನು ತೆಗೆದು ಕುಡಿಯುವ ನೀರನ್ನಾಗಿ ಮಾಡುತ್ತಿದ್ದಾರೆ. ಈ ಜನರನ್ನು ಕೇಳಿದರೆ, ತಮ್ಮ ನಾಡು ಉಷ್ಣವೋ ಉಪೋಷ್ಣವೋ ಎಂಬುದಕ್ಕೆ ಮುಂಚೆ, ಒಣನಾಡು ಎಂದೇ ಹೇಳಿಯಾರು. ಕೆಪ್ಪೆನ್ನನು ನೀರಿನ ಪ್ರಶ್ನೆಯನ್ನು ಮೊದಲಿಟ್ಟುದು ಸರಿಯೆಂದೇ ನಮ್ಮ ಮತ.

ಅದೇ ಸಾಗರದಲ್ಲಿ, ಇನ್ನೂ ದಕ್ಷಿಣಕ್ಕೆ, ಕೇಪ್ ವರ್ಡೆ ಎಂಬ ದ್ವೀಪಸಮೂಹವಿದೆ. ಅದರ ರಾಜಧಾನಿ ಪ್ರಾಯ ಇರುವುದು ಸುಮಾರು 15 ಅಂಶ ಉತ್ತರದಲ್ಲಿ, ಬಹುತೇಕ ನಮ್ಮ ರಾಯದುರ್ಗದ ಅಕ್ಷಾಂಶದಲ್ಲಿಯೇ. ಸೂರ್ಯನ ಲೆಕ್ಕದಿಂದಲೂ ಉಷ್ಣಮಾನದ ಲೆಕ್ಕದಿಂದಲೂ ಅದು ಉಷ್ಣವಲಯವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೂ ಅದು ಒಣನಾಡು. 1941ರಿಂದ 1943ರವರೆಗೂ, ಮತ್ತೆ 1947–48ರಲ್ಲಿಯೂ ಮಳೆ ತಪ್ಪಿ ಅಲ್ಲಿ ಬಂದೆರಗಿದ ಕ್ಷಾಮಗಳಲ್ಲಿ ಹತ್ತಾರು ಸಾವಿರ ಜನರು ಹಸಿವಿನಿಂದ ಸತ್ತರು. ಉಷ್ಣವಲಯವೆಂದರೆ ದಟ್ಟವಾದ ಕಾಡು, ಎಡೆಬಿಡದ ಮಳೆ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಈ ದ್ವೀಪಗಳನ್ನೂ ನೋಡಬೇಕು.

ದೂರ ಹೋಗದೆ ನಮ್ಮ ಸೀಮೆಯನ್ನೇ ನೋಡಿದರೂ ಸಾಕು. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರ ರಾಜ್ಯದ ಅನಂತಪುರ ಜಿಲ್ಲೆಗೆ ಸೇರಿತು. ಭೂಪಟದ ಗೆರೆ ಬದಲಾಯಿತು. ಮಳೆಯು ಮಾತ್ರ ಆ ಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಶ್ಚಿಮ ಘಟ್ಟಗಳು ಮುಂಗಾರಿನ ನೀರನ್ನು ತಡೆದು ಮಂಗಳೂರಿನ ಕಡೆಗೆ ಸುರಿಸುತ್ತವೆ. ಘಟ್ಟದ ಮರೆಯಲ್ಲಿರುವ ನಮಗೆ ಉಳಿದುದು ಬರುತ್ತದೆ. ಅನಂತಪುರದ ಸುತ್ತಣ ವರ್ಷದ ಸರಾಸರಿ ಉಷ್ಣಮಾನ ಇಪ್ಪತ್ತೇಳೂವರೆ ಡಿಗ್ರಿಯ ಆಸುಪಾಸು. 20ರಿಂದ ಗುಣಿಸಿದರೆ 550. ನಮ್ಮ ಮಳೆಯು ಬಿಸಿಯ ಕಾಲದಲ್ಲಿಯೇ ಹೆಚ್ಚಾಗಿ ಬೀಳುವುದರಿಂದ 280ನ್ನು ಕೂಡಿಸಿದರೆ 830. ಕೈ ಹಿಡಿತಮಾಡಿ 140ನ್ನೇ ಕೂಡಿಸಿದರೂ 690. ಬೀಳುವ ಮಳೆಯಾದರೋ 500ರಿಂದ 550 ಮಿಲಿಮೀಟರ್. ಡಿಸೆಂಬರಿನಲ್ಲಿಯೂ ಸರಾಸರಿಯು 20 ಡಿಗ್ರಿಗಿಂತ ಮೇಲೆಯೇ ಇರುವ, ಸೂರ್ಯನು ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನಿಲ್ಲುವ ಈ ನಾಡು, ಕೆಪ್ಪೆನ್ನನ ಭೂಪಟದಲ್ಲಿ ಸಾಂತಾ ಕ್ರೂಸಿನ ಬಣ್ಣವನ್ನೇ ಪಡೆದಿದೆ: ಬಿಸಿಯಾದ ಅರೆಶುಷ್ಕ ನಾಡು. 1876ರಿಂದ 1878ರವರೆಗಿನ ಮಹಾಕ್ಷಾಮವು ಈ ನೆಲದಲ್ಲಿ ಎಷ್ಟು ಊರುಗಳನ್ನು ಬರಿದು ಮಾಡಿತೆಂಬುದನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿರುತ್ತಾರೆ. ಶೇಂಗಾ ಬಿತ್ತಿ ಮುಗಿಲು ನೋಡುವ ತಂದೆಗೆ ಈ ಗುಣಾಕಾರವು ಹೊಸದೇನನ್ನೂ ಹೇಳಲಾರದು, ಮಗನಿಗೆ ಹೇಳೀತು.

ಇನ್ನು ಪರೀಕ್ಷೆಯ ಪ್ರಶ್ನೆ. ಕೆನರಿ ದ್ವೀಪಗಳ ಹವಾಗುಣವಾವುದೆಂದು ಕೇಳಿದರೆ ಒಂದು ಮಾತಿಗೆ ಬದಲಾಗಿ ಎರಡು ವಾಕ್ಯಗಳನ್ನು ಬರೆಯಿರಿ ಎಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಸ್ಥಾನದಿಂದ ಅವು ಉಪೋಷ್ಣವಲಯದವು. ಚಳಿಗಾಲದ ಸೌಮ್ಯತೆಯಿಂದ ತೀರವು ಉಷ್ಣವಲಯದ ಹೊಸ್ತಿಲನ್ನು ಮುಟ್ಟಿದೆ. ಆದರೆ ತೀರವು ಶುಷ್ಕವಾದುದರಿಂದ ಶುಷ್ಕವರ್ಗಕ್ಕೆ ಸೇರುತ್ತದೆ, ಮೇಲಿನ ಬೆಟ್ಟಗಳು ಸೇರುವುದಿಲ್ಲ. ಖಾಲಿ ಜಾಗದಲ್ಲಿ ಒಂದೇ ಮಾತನ್ನು ತುಂಬಬೇಕೆಂದಿದ್ದರೆ ಉಪೋಷ್ಣವೆಂದೇ ಬರೆಯಿರಿ. ಮೇಲೆ ಹೇಳಿದ ಲೆಕ್ಕವನ್ನು ಬಳ್ಳಾರಿಗೂ ಮಂಗಳೂರಿಗೂ ಉದಕಮಂಡಲಕ್ಕೂ ಮಾಡಿ ನೋಡಬೇಕೆಂದು ಎಂಟನೆಯ ತರಗತಿಯವರಿಗೆ ಹೇಳಿದ್ದೇವೆ. ಉದಕಮಂಡಲವು ಅಕ್ಷಾಂಶದಲ್ಲಿ ನಮಗಿಂತಲೂ ದಕ್ಷಿಣಕ್ಕಿದ್ದರೂ 18ರ ಗೆರೆಯನ್ನು ಏಕೆ ದಾಟುವುದಿಲ್ಲವೆಂಬುದನ್ನು ಅವರೇ ಕಂಡುಹಿಡಿಯಲಿ.